ಕರವಸ್ತ್ರದ ಹೊಲಿಗೆ ಯಾರದು?



ಕಳೆದ ಶುಕ್ರವಾರ ಬ್ನೇದ್ ಅಲ್ ಗಾರ್‌ನಲ್ಲಿ ಸೇರಿ ನಾವು ಓದಿದ್ದು ಶೇಕ್ಸ್‌ಪಿಯರನ 'ಒಥೆಲೊ'. ಚರ್ಚೆ ಎಂದಿನಂತೆ ಸಂಶಯ, ಅಸೂಯೆಗಳನ್ನು ಸುತ್ತಿಬಂದು ಕೊನೆಗೆ ಕರವಸ್ತ್ರದ ಹತ್ತಿರ ನಿಂತಿತು. ಒಂದು ತುಂಡು ಬಟ್ಟೆಗೆ ಇಷ್ಟು ರಾದ್ಧಾಂತವೇ ಎಂದು ಥಾಮಸ್ ರೈಮರ್ 1693ರಲ್ಲೇ ಗೇಲಿ ಮಾಡಿದ್ದ. ನಾವೂ ನಕ್ಕೆವು. ಮನೆಗೆ ಬಂದು ಮತ್ತೆ ಓದಿದಾಗ ನಗು ಬರಲಿಲ್ಲ.

ಆ ಕಾಲದ ವೆನಿಸ್ಸಿನಲ್ಲಿ ಒಳ್ಳೆಯ ಕರವಸ್ತ್ರವೆಂದರೆ ಮೂಗೊರೆಸುವ ಬಟ್ಟೆಯಲ್ಲ. ಸೂಜಿಯಲ್ಲೇ ಹೆಣೆದ ಲೇಸಿಗೆ ಆ ಊರು ಹೆಸರುವಾಸಿ. (ಕನ್ನಡದಲ್ಲಿ ಲೇಸು ಅಂದರೆ ಒಳ್ಳೆಯದು ಕೂಡ, ಕಾಕತಾಳೀಯ!) ಲೇಸಿನ ಅಂಚಿನ ಕರವಸ್ತ್ರ ಕೈಯಲ್ಲಿ ಹಿಡಿದು ತೋರಿಸುವ ಸಿರಿವಂತಿಕೆ, ಪ್ರೇಮಿಗಳ ಕಾಣಿಕೆ. ಡೆಸ್ಡಿಮೋನಳ ಬಳಿ ಇದ್ದದ್ದು ಲೇಸಿನದಲ್ಲ, ಸ್ಟ್ರಾಬೆರಿ ಹಣ್ಣಿನ ಕಸೂತಿಯದು. ಒಥೆಲೊಗೆ ಅದು ಮಾಟದ ಬಟ್ಟೆ, ಆಮೇಲೆ ಸಾಕ್ಷಿ. ಇಯಾಗೋಗೆ ಆಯುಧ. ಎಮಿಲಿಯಾ ಮಾತ್ರ ಅದು ಕೈಗೆ ಸಿಕ್ಕೊಡನೆ ಅದರ ನಮೂನೆ ಇಳಿಸಿಕೊಳ್ಳುವ ಯೋಚನೆ ಮಾಡುತ್ತಾಳೆ. ಕ್ಯಾಸಿಯೋ ಅದೇ ಕೆಲಸವನ್ನು ಬಿಯಾಂಕಾಳಿಗೆ ಒಪ್ಪಿಸುತ್ತಾನೆ. ಅವಳು ಸಿಟ್ಟಿನಿಂದ ಹಿಂದಿರುಗಿಸಿ, ಮಾಡಲಾರೆ ಎನ್ನುತ್ತಾಳೆ. ಅವಳ ಸಿಟ್ಟಿಗೆ ಕಾರಣ ಅಸೂಯೆಯೇ, ನಿಜ. ಆದರೂ ಆ ಹೊಲಿಗೆಯನ್ನು ಕೆಲಸವೆಂದು ಕರೆದು ನಿರಾಕರಿಸುವವಳು ನಾಟಕದಲ್ಲಿ ಅವಳೊಬ್ಬಳೇ. ಇಷ್ಟು ವರ್ಷ ಆ ಮಾತನ್ನು ನಾವು ಹಾರಿಸಿಕೊಂಡೇ ಓದಿದ್ದೆವು.

ಆಂಧ್ರದ ನರಸಾಪುರದ ಲೇಸಿನ ಕೆಲಸದ ಬಗ್ಗೆ ಮಾರಿಯಾ ಮೀಸ್ ಬರೆದ ಪುಸ್ತಕ 1982ರಲ್ಲಿ ಬಂತು. ಮಿಷನರಿಗಳು ಕಲಿಸಿದ ಕ್ರೋಶಾ ಅಲ್ಲಿ ರಫ್ತಿನ ವ್ಯಾಪಾರವಾಗಿ ಬೆಳೆಯಿತು. ಹೆಣೆದವರು ಹೆಂಗಸರು, ವ್ಯಾಪಾರ ಗಂಡಸರದು. ದಿನಕ್ಕೆ ಗಂಟೆಗಟ್ಟಲೆ ಹೆಣೆದರೂ ಅದು ಗೃಹಿಣಿಯರ ಬಿಡುವಿನ ಹವ್ಯಾಸವೆಂಬ ಲೆಕ್ಕ. ಕೂಲಿಯೂ ಆ ಲೆಕ್ಕಕ್ಕೆ ತಕ್ಕಷ್ಟೇ. ಒಥೆಲೊನನ್ನು ಓದುವವರು ಈ ಪುಸ್ತಕವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬೇಕು ಎನ್ನುವುದು ನಮ್ಮ ಹಟ.

ನಮ್ಮ ಅಮ್ಮನ ಟ್ರಂಕಿನಲ್ಲಿ ಕ್ರೋಶಾ ಅಂಚಿನ ಆರು ಕರವಸ್ತ್ರಗಳಿದ್ದವು. ಧಾರವಾಡದ ಕಡೆಯ ಗವಂತಿ ಕಸೂತಿಯದೂ ಒಂದಿತ್ತು. ಹಿಂದೆ ಮುಂದೆ ಒಂದೇ ತರ, ಗಂಟು ಎಲ್ಲೂ ಕಾಣದು. ಶಾಲೆಯ ಅರ್ಜಿಯಲ್ಲಿ ತಾಯಿಯ ಉದ್ಯೋಗದ ಎದುರು ನಾವು 'ಇಲ್ಲ' ಎಂದು ಬರೆದಿದ್ದೆವು. ಇಲ್ಲಿ ಕುವೈತಿನಲ್ಲಿ ಕಲಂ 22ರ ಅವಲಂಬಿತ ವೀಸಾದಲ್ಲಿ ಬಂದ ಹೆಂಡತಿಯ ಅರ್ಜಿ ತುಂಬುವಾಗಲೂ ಕೈ ಅದನ್ನೇ ಬರೆಯಿತು.

ಮುಂದಿನ ಶುಕ್ರವಾರ ಬರುವಾಗ ಮನೆಯಲ್ಲಿ ಹಳೆಯ ಕೈಹೊಲಿಗೆ ಇದ್ದರೆ ತನ್ನಿ. ಹೊಲಿದವರ ಹೆಸರು ಗೊತ್ತಿದ್ದರೆ ಅದನ್ನೂ ಬರೆದುಕೊಂಡು ಬನ್ನಿ.