ದೂಷಣೆಗೆ ಉತ್ತರವೋ, ನಿಷೇಧವೋ? ‘ದ ಡಾ ವಿಂಚಿ ಕೋಡ್’ ವಿವಾದದ ಮರುಪರಿಶೀಲನೆ

ಡ್ಯಾನ್ ಬ್ರೌನ್ ಅವರ ‘ದ ಡಾ ವಿಂಚಿ ಕೋಡ್’ ಕಾದಂಬರಿ 2003ರಲ್ಲಿ ಪ್ರಕಟವಾಯಿತು. ರಾನ್ ಹೊವಾರ್ಡ್ ನಿರ್ದೇಶಿಸಿದ ಚಲನಚಿತ್ರ 2006ರ ಮೇ ತಿಂಗಳಲ್ಲಿ ತೆರೆಕಂಡಿತು. ಯೇಸು ಸ್ವಾಮಿಯು ಮಗ್ದಲದ ಮರಿಯಳನ್ನು ವಿವಾಹವಾಗಿದ್ದನು, ಅವರ ಸಂತತಿಯು ಫ್ರಾನ್ಸಿನಲ್ಲಿ ಮುಂದುವರಿಯಿತು, ಸಭೆಯು ಈ ಸಂಗತಿಯನ್ನು ಮರೆಮಾಚಿತು ಎಂಬುದು ಅದರ ಕಥಾಸೂತ್ರ. ಭಾರತದಲ್ಲಿ ಸೆನ್ಸಾರ್ ಮಂಡಳಿಯು, ಇದು ಕೇವಲ ಕಲ್ಪನೆ ಎಂಬ ಸೂಚನೆಯನ್ನು ತೆರೆಯ ಮೇಲೆ ತೋರಿಸಬೇಕೆಂದು ವಿಧಿಸಿ, ವಯಸ್ಕರಿಗೆ ಮಾತ್ರ ಎಂಬ ಪ್ರಮಾಣಪತ್ರ ನೀಡಿತು. ಆದರೂ ಕ್ರೈಸ್ತ ಸಂಘಟನೆಗಳ ವಿರೋಧದ ನಡುವೆ ಗೋವಾ, ನಾಗಾಲ್ಯಾಂಡ್, ಪಂಜಾಬ್, ತಮಿಳುನಾಡು, ಆಂಧ್ರಪ್ರದೇಶ ಮೊದಲಾದ ರಾಜ್ಯಗಳು ಚಿತ್ರವನ್ನು ನಿಷೇಧಿಸಿದವು. ಆ ಗದ್ದಲ ಅಡಗಿ ವರ್ಷಗಳೇ ಸಂದಿವೆ. ಅದು ಎತ್ತಿದ ಪ್ರಶ್ನೆ ಮಾತ್ರ ಹಳತಾಗಿಲ್ಲ: ನಂಬಿಕೆಯನ್ನು ಅವಹೇಳನ ಮಾಡುವ ಕೃತಿ ಎದುರಾದಾಗ ಸಭೆಯು ಮೊದಲು ಯಾರ ಬಳಿಗೆ ಹೋಗಬೇಕು, ಅಧಿಕಾರಿಯ ಬಳಿಗೋ ಓದುಗನ ಬಳಿಗೋ?

ಕೃತಿಯನ್ನೇ ಮೊದಲು ನೋಡೋಣ. ರೋಚಕತೆಯಲ್ಲಿ ಅದಕ್ಕೆ ಕೊರತೆಯಿಲ್ಲ, ಕೊರತೆಯಿರುವುದು ಪ್ರಾಮಾಣಿಕತೆಯಲ್ಲಿ. ಕಥೆ ಆರಂಭವಾಗುವ ಮೊದಲೇ ಒಂದು ಪುಟದಲ್ಲಿ, ತಾನು ವರ್ಣಿಸುವ ದಾಖಲೆಗಳೆಲ್ಲ ನಿಜವೆಂದು ಕಾದಂಬರಿ ಸಾರುತ್ತದೆ. ಕಲ್ಪನೆಗೆ ಇರುವ ಸ್ವಾತಂತ್ರ್ಯವನ್ನೂ ಚರಿತ್ರೆಗೆ ಇರುವ ಅಧಿಕಾರವನ್ನೂ ಒಟ್ಟಿಗೇ ಬಯಸುವ ಈ ನಡೆಯೇ ಅದರ ಮೂಲದೋಷ. ಯೇಸುವಿನ ದೈವತ್ವವು ನೈಸಿಯ ಮಹಾಸಭೆಯಲ್ಲಿ ಹೆಚ್ಚುಕಡಿಮೆ ಸಮಬಲದ ಮತದಾನದಿಂದ ನಿರ್ಧಾರವಾಯಿತೆಂದು ಅದರ ಪಾತ್ರವೊಂದು ಬೋಧಿಸುತ್ತದೆ. 325ರ ಆ ಸಭೆಯಲ್ಲಿ ಆರಿಯಸನ ಪಕ್ಷದಲ್ಲಿ ಕೊನೆಯವರೆಗೂ ನಿಂತು ವಿಶ್ವಾಸಪ್ರಮಾಣಕ್ಕೆ ಸಹಿ ಹಾಕದೆ ಉಳಿದ ಬಿಷಪರು ಇಬ್ಬರೇ. ಅದಕ್ಕೂ ಎರಡೂವರೆ ಶತಮಾನಗಳ ಹಿಂದೆಯೇ ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಯೇಸುವನ್ನು ಕರ್ತನೆಂದು ಅರಿಕೆಮಾಡಿದ್ದನು. ಫಿಲಿಪ್ಪನ ಸುವಾರ್ತೆಯಲ್ಲಿರುವ ಮರಿಯಳ ಕುರಿತ ಪದಕ್ಕೆ ಅರಮಾಯ ಭಾಷೆಯಲ್ಲಿ ಪತ್ನಿ ಎಂಬ ಅರ್ಥವಿದೆಯೆಂದು ಕಾದಂಬರಿ ವಾದಿಸುತ್ತದೆ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯಲ್ಲಿ ದೊರೆತ ಆ ಗ್ರಂಥ ಇರುವುದು ಕಾಪ್ಟಿಕ್ ಭಾಷೆಯಲ್ಲಿ. ಅಲ್ಲಿರುವ ಪದ ಗ್ರೀಕಿನಿಂದ ಬಂದ ಎರವಲು, ಅದರ ಸಾಮಾನ್ಯ ಅರ್ಥ ಜೊತೆಗಾರ್ತಿ.

ವಿವಾದದಲ್ಲಿ ಮದುವೆಯ ಮಾತೇ ಎದ್ದು ಕಂಡಿತು. ಅದಕ್ಕೆ ಆಧಾರವಿಲ್ಲ ಎನ್ನುವುದು ಸರಿ. ಅದು ಅವಮಾನ ಎನ್ನುವುದು ದೈವಶಾಸ್ತ್ರದ ದೃಷ್ಟಿಯಿಂದ ಅಷ್ಟು ಸರಿಯಲ್ಲ. ಕ್ರಿಸ್ತನು ಪೂರ್ಣ ಮನುಷ್ಯನೂ ಹೌದೆಂದು 451ರ ಚಾಲ್ಸಿದೋನ್ ಮಹಾಸಭೆ ಸಾರಿದ ಮೇಲೆ, ವಿವಾಹವನ್ನು ಕಳಂಕವೆಂದು ಭಾವಿಸಿ ರೋಷಗೊಳ್ಳುವುದು ನಮ್ಮ ಬೋಧನೆಯ ಕೊರತೆಯನ್ನೇ ತೋರಿಸುತ್ತದೆ. ಗಂಭೀರವಾದ ಆಕ್ಷೇಪವಿರಬೇಕಾದದ್ದು ದೈವತ್ವದ ನಿರಾಕರಣೆಯ ಬಗ್ಗೆ. ಅದಕ್ಕೆ ಬೇಕಾದದ್ದು ಪಾಠ. ನಾವು ಬೇಡಿದ್ದು ಬೀಗ.

ಇದಕ್ಕಿಂತ ಕಟುವಾದ ದೂಷಣೆಯನ್ನು ಆದಿಸಭೆ ಕೇಳಿತ್ತು. ಸುಮಾರು 178ರಲ್ಲಿ ಸೆಲ್ಸಸನು ಬರೆದ ಗ್ರಂಥವು, ಯೇಸುವು ಪಂಥೇರ ಎಂಬ ಸೈನಿಕನಿಗೆ ವ್ಯಭಿಚಾರದಿಂದ ಹುಟ್ಟಿದವನೆಂದು ಹೇಳಿತ್ತು. ಸುಮಾರು 248ರಲ್ಲಿ ಒರಿಗೆನನು ಅದಕ್ಕೆ ಎಂಟು ಸಂಪುಟಗಳ ಉತ್ತರ ಬರೆದನು. ಸುಳ್ಳುಸಾಕ್ಷಿಗಳ ಮುಂದೆ ಮೌನವಾಗಿದ್ದ ಕರ್ತನನ್ನು ಮುನ್ನುಡಿಯಲ್ಲೇ ನೆನೆದು, ಎದುರಾಳಿಯ ಮಾತುಗಳನ್ನು ಒಂದೊಂದಾಗಿ ಉದ್ಧರಿಸಿ ಪರಿಶೀಲಿಸಿದನು. ಸೆಲ್ಸಸನ ಮೂಲಗ್ರಂಥ ನಾಶವಾಗಿದೆ. ಇಂದು ಅವನ ವಾದ ನಮಗೆ ತಿಳಿದಿರುವುದು ಒರಿಗೆನನ ಉದ್ಧರಣೆಗಳಿಂದ.

ಪೊರ್ಫಿರಿಯ ಗತಿ ಬೇರೆ. ಕ್ರೈಸ್ತರ ವಿರುದ್ಧ ಅವನು ಬರೆದ ಕೃತಿಯನ್ನು ನಾಶಪಡಿಸಲು ಕಾನ್‌ಸ್ಟಂಟೈನ್ ಆಜ್ಞಾಪಿಸಿದನು. 448ರಲ್ಲಿ ಸಾಮ್ರಾಟರು ಮತ್ತೆ ಅದನ್ನು ಸುಡಿಸಿದರು. ಮೆಥೋಡಿಯಸ್, ಯೂಸೇಬಿಯಸ್, ಅಪೊಲ್ಲಿನಾರಿಸ್ ಅವನಿಗೆ ಬರೆದಿದ್ದ ಉತ್ತರಗಳೂ ಇಂದು ಉಳಿದಿಲ್ಲ. ದಾನಿಯೇಲನ ಗ್ರಂಥವು ಅಂತಿಯೋಕ ಎಪಿಫನೇಸನ ಕಾಲದ್ದೆಂಬ ಅವನ ವಾದವನ್ನು ಜೆರೋಮನು ಖಂಡಿಸಲೆಂದೇ ಉಲ್ಲೇಖಿಸಿದ್ದರಿಂದ ಅದು ಉಳಿಯಿತು. ಇಂದು ಬಹುಪಾಲು ಬೈಬಲ್ ವಿದ್ವಾಂಸರು ಆ ವಾದವನ್ನೇ ಒಪ್ಪುತ್ತಾರೆ. ಬೆಂಕಿಗೆ ಹಾಕಿದ ವಾದ ಸೆಮಿನರಿಯ ತರಗತಿಗೆ ಮರಳಿ ಬಂದಿದೆ. ಬಲವಿಲ್ಲದ ಸಭೆ ಉತ್ತರಿಸಿತು, ಬಲ ಬಂದ ಸಭೆ ಸುಟ್ಟಿತು. ಯಾವುದರಿಂದ ನಂಬಿಕೆಗೆ ಲಾಭವಾಯಿತೆಂದು ಬಿಡಿಸಿ ಹೇಳಬೇಕಿಲ್ಲ.

ವಿಶ್ವಾಸಿಗಳ ನೋವು ಹುಸಿಯೆಂದು ನನ್ನ ವಾದವಲ್ಲ. ಅಲ್ಪಸಂಖ್ಯಾತ ಸಮುದಾಯಕ್ಕೆ ಅವಹೇಳನವು ಹಲ್ಲೆಯ ಮುನ್ಸೂಚನೆಯಾಗಬಲ್ಲದು. ಆದ್ದರಿಂದಲೇ ಒಂದು ಭೇದವನ್ನು ಸ್ಪಷ್ಟವಾಗಿ ಹಿಡಿಯಬೇಕು: ಸಿದ್ಧಾಂತವನ್ನು ನಿಂದಿಸುವುದು ಬೇರೆ, ಆ ಸಿದ್ಧಾಂತವನ್ನು ನಂಬಿದ ನೆರೆಯವರ ಮೇಲೆ ಹಿಂಸೆಯನ್ನು ಪ್ರಚೋದಿಸುವುದು ಬೇರೆ. ಎರಡನೆಯದರ ವಿರುದ್ಧ ಕಾನೂನಿನ ರಕ್ಷಣೆ ಕೇಳುವುದು ನ್ಯಾಯ, ಅದೂ ಎಲ್ಲ ಸಮುದಾಯಗಳಿಗಾಗಿ. ಮೊದಲನೆಯದಕ್ಕೂ ಕಾನೂನನ್ನೇ ಕರೆದರೆ ಕತ್ತಿ ನಮ್ಮತ್ತಲೇ ತಿರುಗುತ್ತದೆ. 1927ರಲ್ಲಿ ದಂಡಸಂಹಿತೆಗೆ ಸೇರಿದ 295ಎ ಕಲಂ, ಈಗ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ, ಉದ್ದೇಶಪೂರ್ವಕವೂ ದ್ವೇಷಪೂರಿತವೂ ಆದ ಧಾರ್ಮಿಕ ಅವಮಾನವನ್ನು ಶಿಕ್ಷಿಸುತ್ತದೆ. ಕ್ರಿಸ್ತನ ಹೊರತು ರಕ್ಷಣೆಯಿಲ್ಲವೆಂದು ಸಾರುವ ಬೋಧಕನ ಮಾತು ನೆರೆಯವನ ಕಿವಿಗೆ ಹೇಗೆ ಕೇಳಿಸುತ್ತದೆ? 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಇಲ್ಲಿನ ಆರಾಧನೆಗಳನ್ನು ಟೀಕಿಸಿದ ಕರಪತ್ರಗಳು ನಮ್ಮ ಚರಿತ್ರೆಯ ಭಾಗವೇ ಆಗಿವೆ. ನಾವು ನೋಯಿಸಿದ್ದೂ ಉಂಟು ಎಂಬ ನೆನಪು ನಮ್ಮ ದೂರಿಗೆ ವಿನಯವನ್ನು ಕಲಿಸಬೇಕು.

ನ್ಯಾಯಾಲಯಗಳು ಈ ವಿಷಯದಲ್ಲಿ ನಮಗಿಂತ ಸ್ಥಿರವಾಗಿದ್ದವು. ಪ್ರತಿಭಟನೆಯ ಬೆದರಿಕೆಗೆ ಮಣಿದು ಅಭಿವ್ಯಕ್ತಿಯನ್ನು ಹತ್ತಿಕ್ಕಲಾಗದೆಂದು ಸರ್ವೋಚ್ಚ ನ್ಯಾಯಾಲಯ 1989ರಲ್ಲೇ ತಮಿಳು ಚಿತ್ರವೊಂದರ ಪ್ರಕರಣದಲ್ಲಿ ಹೇಳಿತ್ತು. 2006ರಲ್ಲಿ ಈ ಚಿತ್ರವನ್ನು ತಡೆಯಬೇಕೆಂಬ ಅರ್ಜಿಯನ್ನು ಅದು ವಜಾಮಾಡಿತು. ಆಂಧ್ರಪ್ರದೇಶ ಮತ್ತು ಮದ್ರಾಸ್ ಉಚ್ಚ ನ್ಯಾಯಾಲಯಗಳು ತಮ್ಮ ರಾಜ್ಯಗಳ ನಿಷೇಧಗಳನ್ನು ರದ್ದುಪಡಿಸಿದವು.

ಇನ್ನೊಂದು ಮಾತನ್ನು ಸಭಾಪಾಲಕರು ಮರೆಯಬಾರದು. ಮಾರ್ಕನ ಸುವಾರ್ತೆಯ 14ನೇ ಅಧ್ಯಾಯದಲ್ಲಿ ಮಹಾಯಾಜಕನು ಬಟ್ಟೆ ಹರಿದುಕೊಂಡು ದೇವದೂಷಣೆಯ ಆರೋಪ ಹೊರಿಸಿದ್ದು ಯೇಸುವಿನ ಮೇಲೆಯೇ. ಸ್ತೆಫನನ ಮೇಲಿನ ಆರೋಪವೂ ಅದೇ. ಆ ಆರೋಪವನ್ನು ಹೊತ್ತವನ ಹಿಂಬಾಲಕರು ಅದನ್ನು ಇತರರ ಮೇಲೆ ಹೊರಿಸುವ ಮುನ್ನ ಬಹಳ ಯೋಚಿಸಬೇಕು. ಮುಂದಿನ ಕಾದಂಬರಿಯೋ ಚಿತ್ರವೋ ಬಂದಾಗ ಮನವಿಪತ್ರಕ್ಕೆ ಸಹಿ ಸಂಗ್ರಹಿಸುವ ಮೊದಲು, ನೈಸಿಯದಲ್ಲಿ ಏನು ನಡೆಯಿತೆಂದು ತನ್ನ ಸಭೆಯ ಯುವಜನರಿಗೆ ಒಂದು ಸಂಜೆ ಕುಳಿತು ವಿವರಿಸಬಲ್ಲ ಸಭಾಪಾಲಕನನ್ನು ನಮ್ಮ ಸೆಮಿನರಿಗಳು ತಯಾರಿಸಿದರೆ ಸಾಕು.