ಪದ್ಮಾಸನದಲ್ಲಿ ಕಡಲು

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ನವುಲೆಯ ಕಡೆಗೆ ಸಂಜೆ ವಾಕಿಂಗ್ ಹೊರಟವರಿಗೆ 1400 ಮೀಟರ್ ಎಂದರೆ ಹೆಚ್ಚೆಂದರೆ ಇಪ್ಪತ್ತು ನಿಮಿಷದ ದಾರಿ. ಅಷ್ಟೇ ದೂರವನ್ನು ಉಡುಪಿಯ ಗಂಗಾಧರ ಜಿ. ಕಡೆಕಾರ್ ಪಡುಕೆರೆಯ ಕಡಲಿನಲ್ಲಿ ಈಜಿದ್ದು 1 ಗಂಟೆ 13 ನಿಮಿಷ 7 ಸೆಕೆಂಡುಗಳಲ್ಲಿ. 2021ರ ಜನವರಿ 24ರಂದು. ವಯಸ್ಸು ಅರವತ್ತು ದಾಟಿತ್ತು, ಕಾಲು ಪದ್ಮಾಸನದಲ್ಲಿತ್ತು, ಸಾಲದ್ದಕ್ಕೆ ಕಾಲಿಗೆ ಸರಪಳಿ ಬೇರೆ. ಇಂಡಿಯಾ ಬುಕ್ ಆಫ್ ರೆಕಾರ್ಡ್ಸ್ ಅದನ್ನು ದಾಖಲೆಯೆಂದು ಬರೆದುಕೊಂಡಿತು. ನನ್ನನ್ನು ಸೆಳೆಯುವುದು ದಾಖಲೆಯಲ್ಲ, ಆ ನಿಧಾನ.

ಅವರು ಈಜಿದ ಬ್ರೆಸ್ಟ್ ಸ್ಟ್ರೋಕ್‌ನಲ್ಲಿ ಈಜುಗಾರನನ್ನು ಮುಂದೆ ತಳ್ಳುವುದು ಹೆಚ್ಚಾಗಿ ಕಾಲಿನ ಒದೆತ. ಕಡೆಕಾರರು ಆ ಕಾಲನ್ನೇ ಮಡಿಸಿ ಬೀಗ ಹಾಕಿಬಿಟ್ಟರು. ಉಳಿದದ್ದು ಎರಡು ತೋಳು ಮತ್ತು ಉಸಿರು. ಎದೆ ತುಂಬ ಗಾಳಿ ಇದ್ದಾಗ ಮೈ ಏಳುತ್ತದೆ. ಬಿಟ್ಟ ಕ್ಷಣ ಮಡಿಸಿದ ಕಾಲಿನ ಭಾರ ಸೊಂಟವನ್ನು ಕೆಳಗೆ ಎಳೆಯುತ್ತದೆ. ಆ ಇಳಿತ ಶುರುವಾಗುವ ಮೊದಲೇ ತೋಳು ತೆರೆದುಕೊಂಡಿರಬೇಕು. ವಿಲಂಬಿತದಲ್ಲಿ ಹಾಡುವವರ ಹಾಗೆ, ಎರಡು ಪೆಟ್ಟುಗಳ ನಡುವಿನ ಖಾಲಿ ಜಾಗವನ್ನು ಮುರಿಯದೆ ಹಿಡಿದಿಟ್ಟುಕೊಳ್ಳುವ ಕೆಲಸ ಅದು. ವೇಗದ ಈಜಿನಲ್ಲಿ ನೊರೆಯೆದ್ದು ಮುಚ್ಚಿಹೋಗುವುದೆಲ್ಲ ಇಲ್ಲಿ ಬಿಡಿಬಿಡಿಯಾಗಿ ಕಾಣುತ್ತದೆ.

ತುಂಗೆಯಲ್ಲಿ ಕೈಕಾಲು ಬಡಿದು ಈಜು ಕಲಿತ ನಮ್ಮ ಶಿವಮೊಗ್ಗದವರಿಗೆ ಕಡಲಿಗಿಳಿದರೆ ಮೈ ಹಗುರ ಅನಿಸುತ್ತದೆ. ಉಪ್ಪುನೀರು ಹೊಳೆನೀರಿಗಿಂತ ಶೇಕಡಾ ಎರಡೂವರೆಯಷ್ಟು ಸಾಂದ್ರ. ಆ ಎರಡೂವರೆಯ ಆಸರೆಯನ್ನು ಕಡಲು ಕೊಡುತ್ತದೆ, ಅಲೆ ಕಸಿದುಕೊಳ್ಳುತ್ತದೆ.

ಇದೇ ಕರಾವಳಿಯಲ್ಲಿ 2013ರಲ್ಲಿ ಗೋಪಾಲ ಖಾರ್ವಿ ಎಂಬ ಈಜುಗಾರರು ಕೈಗೂ ಕಾಲಿಗೂ ಬಂಧನ ಹಾಕಿಕೊಂಡು ಸೇಂಟ್ ಮೇರೀಸ್ ದ್ವೀಪದಿಂದ ಮಲ್ಪೆಗೆ 3.071 ಕಿ.ಮೀ. ಈಜಿದ್ದರು, 2 ಗಂಟೆ 43 ನಿಮಿಷ 35 ಸೆಕೆಂಡು, ಗಿನ್ನೆಸ್ ದಾಖಲೆ. ಲೆಕ್ಕ ಹಾಕಿ ನೋಡಿದೆ: ಇಬ್ಬರೂ ನಿಮಿಷಕ್ಕೆ ಸುಮಾರು 19 ಮೀಟರ್! ಬಂಧನ ಬೇರೆ ಬೇರೆ, ನಡೆ ಒಂದೇ. ಖಾರ್ವಿಯವರದು ಉಸಿರು ಬಿಗಿಹಿಡಿದು ನೋಡುವ ಸಾಹಸ. ಮತ್ತೆ ಮತ್ತೆ ಸವಿಯಲು ನನಗೆ ಬೇಕಾದದ್ದು ಕಡೆಕಾರರ ತೋಳು.

ವೇಲ್ಸ್‌ನ ಕ್ಯಾಥ್ಲೀನ್ ಥಾಮಸ್ ನೆನಪಾಗುವುದು ಇಲ್ಲಿಯೇ. 1927ರ ಸೆಪ್ಟೆಂಬರ್ 5ರಂದು ಪೆನಾರ್ತ್‌ನಿಂದ ವೆಸ್ಟನ್-ಸೂಪರ್-ಮೇರ್‌ಗೆ 7 ಗಂಟೆ 20 ನಿಮಿಷ ಈಜಿ, ಬ್ರಿಸ್ಟಲ್ ಚಾನೆಲ್ ದಾಟಿದ ಮೊದಲಿಗರಾದವರು ಆಕೆ. ಅವರ ಕೈಕಾಲಿಗೆ ಯಾವ ಕಟ್ಟೂ ಇರಲಿಲ್ಲ. ಆದರೆ ಆ ಚಾನೆಲ್ಲಿನಲ್ಲಿ ಉಬ್ಬರವಿಳಿತದ ಅಂತರ ಹತ್ತು ಮೀಟರ್ ಮೀರುತ್ತದೆ. ನಮ್ಮ ಮಲ್ಪೆಯಲ್ಲಿ ಎರಡು ಮೀಟರಿನ ಒಳಗೆ. ಥಾಮಸ್ ಈಜಿದ ಆ ನೀರಿನಲ್ಲಿ ನೇರ ದಾರಿ ಎಂಬುದೇ ಇಲ್ಲ. ನೀರು ಪಕ್ಕಕ್ಕೆ ಒಯ್ದಷ್ಟೂ ಒಯ್ಯಲು ಬಿಟ್ಟು, ಅದು ಸಡಿಲಿಸಿದಾಗ ದಡದ ಕಡೆಗೆ ತಿರುಗಬೇಕು. ಆಕೆಯ ಈಜಿನಲ್ಲಿ ನಾನು ನೋಡಬೇಕೆಂದು ಆಸೆಪಡುವುದು ಆ ತಿರುವುಗಳನ್ನು.