ಎರೆ ಹೊಲದ ನಾಟಿಗೆ

ಸಿಂಧನೂರು ಎಂದೊಡನೆ ಹೊರಗಿನವರಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ ನೆನಪಾಗುತ್ತದೆ. ಕಾಲುವೆ ನೀರು ಹತ್ತದ ಎರೆ ಹೊಲಗಳ ಚೆಲುವೇ ಬೇರೆ. ಮಸ್ಕಿ, ಲಿಂಗಸುಗೂರು ಕಡೆ ಹಿಂಗಾರಿ ಕಡಲೆ ನಾಟುವ, ಅಂದರೆ ಮೊಳೆತು ಮೇಲೇಳುವ, ವಾರ ಹೋದವರಿಗೆ ಅದು ಕಣ್ತುಂಬ ಸಿಗುತ್ತದೆ.

ಚಿತ್ತಾ ಮಳೆ ಹೊಯ್ದು ಹೋದರೂ ಕೂಡಲೇ ಬಿತ್ತುವಂತಿಲ್ಲ. ರೈತ ಮೇಲಿನ ಒಣ ಮಣ್ಣು ಸರಿಸಿ, ನಾಲ್ಕು ಬೆರಳು ಕೆಳಗಿನ ಹಿಡಿ ಮಣ್ಣು ತೆಗೆದು ಹಿಸುಕುತ್ತಾನೆ. ಉಂಡೆ ಕಟ್ಟಬೇಕು, ಕೈಗೆ ಮೆತ್ತಬಾರದು, ಕೆಳಗೆ ಬಿಟ್ಟರೆ ಒಡೆಯಬೇಕು. "ಹದ ಐತಿ, ಕೂರಿಗಿ ಹೂಡ್ರಿ" ಎಂಬ ಮಾತು ಆಮೇಲೆ. ಇಷ್ಟು ಸೊಗಸಾದ ತೀರ್ಪು ಬೇಸಾಯದಲ್ಲಿ ಇನ್ನೊಂದಿಲ್ಲ ಎಂದೇ ನನ್ನ ಎಣಿಕೆ. ಕಾವು ಆರದ ಹಸಿ ನೆಲಕ್ಕೆ ಆತುರದಿಂದ ಬಿತ್ತಿದರೆ ಬುಡಕೊಳೆ ರೋಗ ಎಳೆ ಸಸಿಯನ್ನೇ ಕೆಡವುತ್ತದೆ. ತಡವಾದರೆ ಮೇಲ್ಮಣ್ಣಿನ ಹಸಿ ಆರಿ ಕಾಳು ಉಬ್ಬುವುದೇ ಇಲ್ಲ. ನೆಲದ ಉಷ್ಣತೆ 20ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದು ತೇವವೂ ಕೂಡಿದರೆ ಕಡಲೆ ವಾರದೊಳಗೆ ನಾಟುತ್ತದೆ.

ಅದು ಏಳುವ ಬಗೆಯನ್ನು ಮಂಡಿಯೂರಿ ಕೂತು ನೋಡಬೇಕು. ಕಾಳು ನೀರು ಹೀರಿ, ಮೊದಲು ಬೇರನ್ನು ಕೆಳಕ್ಕೆ ಇಳಿಬಿಡುತ್ತದೆ. ಬೇಳೆಗಳೆರಡೂ ಮಣ್ಣಲ್ಲೇ ಉಳಿಯುತ್ತವೆ. ತಲೆ ಬಾಗಿಸಿದ ಪುಟ್ಟ ಕುಡಿ ಮಾತ್ರ ಮೇಲೆ ಬಂದು, ಬೆಳಕು ಕಂಡು ನೆಟ್ಟಗಾಗುತ್ತದೆ. ಕಾಂಡಕ್ಕೆ ನಸುನೇರಳೆ ಛಾಯೆ, ಎಲೆಗೆ ಸಣ್ಣ ರೋಮ. ಹಕ್ಕಿ ಕುಕ್ಕಿ ಕುಡಿ ಮುರಿದರೂ ಬೇಳೆಯ ಬಳಿಯ ಮೊಗ್ಗು ಮತ್ತೆ ಚಿಗುರಬಲ್ಲದು. ಎರಡು ಮೂರು ಇಂಚು ಆಳದ ಹಸಿಗೆ ಬಿತ್ತಿದರೂ ಕಡಲೆ ತಾಳಿಕೊಳ್ಳುತ್ತದೆ. ತೊಗರಿಯೂ ಬೇಳೆಯನ್ನು ನೆಲದೊಳಗೇ ಬಿಟ್ಟು ಬರುವಂಥದ್ದು.

ಮುಂಗಾರಿನ ಹೆಸರು, ಅಲಸಂದಿಯ ರೀತಿ ಬೇರೆ. ಕೊಕ್ಕೆಯಂತೆ ಬಾಗಿದ ಕಾಂಡ ಬೇಳೆಗಳನ್ನೇ ಹೊತ್ತು ಮೇಲೇಳಬೇಕು. ಬೆಚ್ಚನೆಯ ನೆಲದಲ್ಲಿ ಮೂರು ನಾಲ್ಕು ದಿನಕ್ಕೇ ಕಾಣಿಸುವ ಹೆಸರು, ಬಿತ್ತಿದ ಮರುದಿನ ಬಿರುಮಳೆ ಬಿದ್ದು ಮೇಲ್ಮಣ್ಣು ಬಿಸಿಲಿಗೆ ಗಟ್ಟಿಯಾದರೆ ಒಳಗೇ ಸೊರಗುತ್ತದೆ. ಹಾಗಾಗಿ ಒಂದೂವರೆ ಇಂಚು ಮೀರದಂತೆ ಬಿತ್ತುವುದು ಲೇಸು. ಈ ಸೀಮೆಗೆ ಕಾಳುಗಳ ಒಡನಾಟ ಇಂದಿನದಲ್ಲ: ನೆರೆಯ ಬಳ್ಳಾರಿಯ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಕರಕಲಾದ ಹುರುಳಿ, ಹೆಸರು ಕಾಳುಗಳು ದೊರೆತಿವೆ.

ಕಡಲೆ ಸಾಲು ಉದ್ದಕ್ಕೂ ಎದ್ದು ನಿಂತಾಗ ರೈತರು ಹೊಲ ಸುತ್ತುತ್ತಾರೆ. ನಾಟಿಗೆ ತಪ್ಪಿದ ಕಡೆ ಬೆರಳಲ್ಲಿ ಕೆದಕುತ್ತಾರೆ. ಕಾಳು ಬಿತ್ತಿದ ಹಾಗೇ ಇದ್ದರೆ ಕೂರಿಗೆ ಅಲ್ಲಿ ಮೇಲಾಡಿದೆ, ಹಸಿ ಮುಟ್ಟಿಲ್ಲ. ಮೆತ್ತಗೆ ಕೊಳೆತಿದ್ದರೆ ಅಲ್ಲಿ ನೀರು ನಿಂತಿತ್ತು.